ಮನಿಯವರ ಅಕ್ಕಪಕ್ಕದ ಪದಗಳು

ಶಿವಕಾಂತಾಳ ಮಾನ ಹೋಗುವುದಕ್ಕೆ ಕಾರಣವಾದದ್ದು ಒಂದು ಮೊಳೆ. ಆಳಂದದ ಅವಳ ಮನೆಯ ಪಡಸಾಲೆಯಲ್ಲಿ ಜರಡಿ ತೂಗುಹಾಕುತ್ತಿದ್ದ ಆ ಮೊಳೆಗೆ, ತೊಂಬತ್ತಮೂರರ ಬೇಸಿಗೆಯಲ್ಲಿ, ಪಕ್ಕದ ಮನೆಯ ಲೀಲಾಬಾಯಿಯ ಮಗ ಅನಂತ ಒಂದು ಟೇಪ್‌ರೆಕಾರ್ಡರ್ ತೂಗುಹಾಕಿದ್ದ.

ಅನಂತ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ಕಂಪ್ಯೂಟರಿಗೆ ಕನ್ನಡ ಪದಗಳ ಅರ್ಥ ತಿಳಿಸುವ ಕೆಲಸವಂತೆ. ಅದಕ್ಕೆ ನಿಘಂಟು ಕೊಟ್ಟರೆ ಸಾಲದು, ಜನ ಆಡುವ ಮಾತು ಬೇಕು ಎಂದು ಊರೂರು ತಿರುಗಿ ಮಾತು ಕೂಡಿಹಾಕುತ್ತಿದ್ದ. ಅಫಜಲಪುರದ ಸಂತೆ ಮಾತು, ಹವಳಗಾದ ಕಬ್ಬಿನ ಗಾಡಿಯವರ ಮಾತು, ಅಂದೋಲಾ ಕಡೆಯ ಮದುವೆಮನೆ ಸಾವಿನಮನೆಗಳ ಮಾತು ಎಲ್ಲವೂ ಅವನ ಬಳಿ ಆಗಲೇ ಇದ್ದವು.

"ಕಾಕು, ನೀವು ಶ್ಯಾವಿಗಿ ಹೊಸಿಯುವಾಗ ಏನ್ ಮಾತಾಡ್ತೀರಿ, ಅದ ಸಾಕು ನನಗ," ಎಂದಿದ್ದ. "ಇಲ್ಲೊಂದು ಟೇಪ್ ಅದ ಅನ್ನೋದನ್ನ ಮರತಬಿಡ್ರಿ."

ಅವರು ಮರೆತರು. ತಪ್ಪಾದದ್ದು ಅಲ್ಲಿಯೇ. ಬೇಸಿಗೆಯುದ್ದಕ್ಕೂ ಆ ಪಡಸಾಲೆಯಲ್ಲಿ ಶಿವಕಾಂತಾ, ಲೀಲಾಬಾಯಿ, ಎದುರು ಮನೆಯ ಗುರಮ್ಮ, ಟೇಲರ್ ಹುಸೇನಸಾಬನ ಹೆಂಡತಿ ಪೀರಬಿ ಕೂತು ಶ್ಯಾವಿಗೆ ಹೊಸೆದರು, ಸಂಡಿಗೆ ಇಟ್ಟರು, ತೊಗರಿ ಹಸನು ಮಾಡಿದರು. ಮಾತಾಡಿದರು. ಕ್ಯಾಸೆಟ್ಟು ಮುಗಿದಾಗ ಅನಂತ ಬಂದು ಬದಲಾಯಿಸಿ ಹೋಗುತ್ತಿದ್ದ, ಹಾಲಿನವನು ಪಾತ್ರೆ ಬದಲಾಯಿಸಿದ ಹಾಗೆ. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ.

ಚಳಿಗಾಲ ಬಂತು. ಕಂಪ್ಯೂಟರನ್ನು ಜೀಪಿನಲ್ಲಿ ಆಳಂದಕ್ಕೇ ತಂದು ಜನರ ಮುಂದೆ ತೋರಿಸುವುದೆಂದಾಯಿತು. ಅಧ್ಯಕ್ಷತೆ ಶಿವಕಾಂತಾಳ ಗಂಡ ದೌಲತರಾಯನದು. ಕಾಳುಕಡಿ ಮಾರಿಸುವ ಅಡತಿ ಅಂಗಡಿ ಇಟ್ಟುಕೊಂಡಿದ್ದ ದೌಲತರಾಯ ಅದುವರೆಗೆ ತೊಗರಿ ಹರಾಜಿನ ಸವಾಲಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಅಧ್ಯಕ್ಷನಾಗಿರಲಿಲ್ಲ. ಆ ದಿನ ಬೆಳಿಗ್ಗೆಯೇ ಇಸ್ತ್ರಿ ಮಾಡಿಸಿದ ಧೋತರ ಉಟ್ಟು ಬಜಾರಿಗೆ ಹೊರಟ.

"ನಮ್ಮನಿ ಪಡಸಾಲಿ ಮಾತು ಕಂಪ್ಯೂಟರ್‌ದಾಗ ಹೋಗ್ಯಾವ ಅಂದ್ರ ಕಮ್ಮಿ ಅಲ್ಲ ಬಿಡು. ಸಂಜೀಕ ನಿನಗ ಶಾಲ್ ಹೊದಸ್ತಾರಂತ. ಛಲೋ ಸೀರಿ ಉಡು," ಎಂದು ಹೇಳಿಹೋದ.

ಅವನು ಓಣಿ ತಿರುಗಿದ್ದೇ ತಡ, ಅನಂತ ಹಿತ್ತಲ ಬಾಗಿಲಿನಿಂದ ನುಗ್ಗಿದ. ಮುಖ ಹೊಸ ತಾಮ್ರದ ಕೊಡದ ಹಾಗೆ ಹೊಳೆಯುತ್ತಿತ್ತು.

"ಕಾಕು! ನಿಮ್ಮ ಮಾತಿನ್ಯಾಗ ಎಂಥಾ ಜಾದೂ ಸಿಕ್ಕದ ಗೊತ್ತೇನು? ನಮ್ಮ ಪ್ರೊಫೆಸರ್ರು ಇದನ್ನ ನೋಡಾಕಂತನ ಬರಾಕತ್ತಾರ!"

ಶಿವಕಾಂತಾ ರೊಟ್ಟಿ ಬಡಿಯುತ್ತಲೇ, "ಏನೋ ಅದು?" ಎಂದಳು.

"ಮಷೀನಿಗೆ ಅರ್ಥ ಅನ್ನೋದ ಗೊತ್ತಿಲ್ಲ ಕಾಕು. ಯಾವ ಪದ ಯಾವ ಪದದ ಸಂಗಾಟ ಕೂಡತದ ಅಂತ ಬರೇ ಎಣಿಸ್ತದ. ಆಮ್ಯಾಲ ಒಂದೊಂದು ಪದಕ್ಕೂ ಒಂದೊಂದು ಜಾಗಾ ಕೊಡತದ, ನಕಾಶಿ ಮ್ಯಾಲ ಊರು ಇರ್ತಾವಲ್ಲ, ಹಂಗ. ಒಂದ ನಮೂನಿ ಸಂಗಡಿಗರು ಇರೋ ಪದಗಳು ಅಕ್ಕಪಕ್ಕ ಬರ್ತಾವ. ಚೌಡಾಪುರ, ಗಾಣಗಾಪುರ ಬಾಜೂಕ ಅದಾವ ಅಂತ ಅದಕ್ಕ ಯಾರೂ ಹೇಳಿಲ್ಲ. ಆದ್ರ ಜನ ಎರಡರ ಬಗ್ಗೆನೂ ಅದ ಬಸ್ಸು, ಅದ ದತ್ತನ ದರ್ಶನ ಅಂತ ಮಾತಾಡ್ತಾರ ನೋಡ್ರಿ, ಅದಕ್ಕ ಅವೆರಡನ್ನೂ ಬಾಜೂಕ ಇಟ್ಟದ!"

"ಛಲೋ ಆತಲ್ಲ."

"ಅದಲ್ಲ ಜಾದೂ. ನೀವು ಹೆಣ್ಮಕ್ಕಳು ಗಂಡನ ಹೆಸರ ಹೇಳಂಗಿಲ್ಲ. ನಾಕೂ ಮಂದಿ 'ಮನಿಯವರು' ಅಂತೀರಿ. ಹಿಂಗಾಗಿ ಆ ಪದ ಭಾಳ ಸಲ ಬಂದದ. ಅದಕ್ಕ ಎಲ್ಲಕ್ಕಿಂತ ಹತ್ತಿರದ ಪದ ಯಾವುದು ಅಂತ ಮಷೀನಿಗೆ ಕೇಳಿದೆ. ಏನ್ ಕೊಟ್ಟಿತು ಹೇಳ್ರಿ ನೋಡೋಣ?"

"ದೇವರು?"

"ಎಮ್ಮಿ!"

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು. ಶಿವಕಾಂತಾಳಿಗೆ ಅದನ್ನು ಮಗುಚುವುದು ಹೊಳೆಯಲಿಲ್ಲ.

ಅನಂತ ಹರ್ಷದಿಂದ ವಿವರಿಸಿದ. ಆ ಪಡಸಾಲೆಯಲ್ಲಿ 'ಮನಿಯವರು' ಪದದ ಆಸುಪಾಸು ಬಂದದ್ದೆಲ್ಲ 'ಎಮ್ಮಿ' ಪದದ ಆಸುಪಾಸೂ ಬಂದಿತ್ತು. ಇನ್ನೂ ಮನಿಗೆ ಬಂದಿಲ್ಲ. ಮುಂದ ಇಟ್ಟದ್ದು ಮುಟ್ಟಿಲ್ಲ. ಮುಂಜಾನಿಂದ ಒದರಾಕತ್ತದ. ಬ್ಯಾರೇದವರು ಕೈಹಚ್ಚಿದ್ರ ಸುಮ್ಮನಿರ್ತದ, ನನ್ನ ಕಂಡ್ರ ಸಿಟ್ಟು. ಬಾಗಿಲದಾಗ ಅಡ್ಡ ಮಲಗ್ಯದ, ದಾಟಾಕ ಬರಂಗಿಲ್ಲ.

"ಒಂದ ಒಂದು ಫರಕ್ ಅದ ಕಾಕು," ಎಂದ ಅನಂತ, ಸಂಶೋಧಕನ ಪ್ರಾಮಾಣಿಕತೆಯಿಂದ. "'ಎಮ್ಮಿ' ಬಂದಲ್ಲೆ 'ಪಾಪ' ಅಂತ ಬರ್ತದ. 'ಮನಿಯವರು' ಬಂದಲ್ಲೆ ಬರಂಗಿಲ್ಲ."

ಶಿವಕಾಂತಾ ಗೋಡೆಗೆ ಒರಗಿದಳು. ಸಂಜೆ ಸಭೆಯಲ್ಲಿ ಇಡೀ ಬಜಾರು ಕೂತಿರುತ್ತದೆ. ಅಧ್ಯಕ್ಷ ಸ್ಥಾನದಲ್ಲಿ ಇಸ್ತ್ರಿ ಧೋತರದ ದೌಲತರಾಯ. ಪಕ್ಕದಲ್ಲಿ ಶಾಲು ಹೊದ್ದು ತಾನು. ಎದುರಿಗೆ ಪರದೆಯ ಮೇಲೆ ಎಮ್ಮೆ. ನಾಚಿಕೆ ಅವಳ ಕಾಲಿನಿಂದ ಹತ್ತಿ ಕಿವಿಗೆ ಬಂತು. ಆ ಮಾತು ಸುಳ್ಳಾಗಿದ್ದರೆ ಸಿಟ್ಟು ಬರುತ್ತಿತ್ತು. ತಾನು ಆಡಿದ್ದೇ ಅಂಥದ್ದು ಎಂದು ಗೊತ್ತಿದ್ದುದರಿಂದ ಸಿಟ್ಟಿಗೆ ಜಾಗವೇ ಇರಲಿಲ್ಲ.

"ಅನಂತಾ, ಕೈಮುಗಿತೇನಿ. ಆ ಪದ ಬಿಟ್ಟಬಿಡು."

"ಹ್ಯಾಂಗ ಬಿಡಲಿ ಕಾಕು? ಪ್ರೊಫೆಸರ್ರು ಬರೋದ ಅದಕ್ಕ. ಉತ್ತರ ಅವರಿಗೆ ಇನ್ನೂ ಹೇಳಿಲ್ಲ, ಪದ ಹೇಳೇನಿ. ಅಧ್ಯಕ್ಷರ ಕೈಲೆ ಆ ಪದನ ಒತ್ತಸೋದು ಅಂತ ಠರಾವ್ ಆಗ್ಯದ."

"ಹಂಗಾರ ನನ್ನ ಮಾರಿ ನೋಡು. ನಾಳಿಂದ ಈ ಓಣ್ಯಾಗ ಹ್ಯಾಂಗ ಅಡ್ಡಾಡಲಿ?"

ಅನಂತ ಅವಳ ಮುಖ ನೋಡಿದ. ಚಿಕ್ಕವನಿದ್ದಾಗ ಈ ಅಡಿಗೆಮನೆಯಲ್ಲಿ ಎಷ್ಟೋ ರೊಟ್ಟಿ ತಿಂದವನು. "ಒಂದು ಕೆಲಸ ಮಾಡಬಹುದು," ಎಂದ. "ಹೊಸಾ ಮಾತು ಕೊಟ್ರ, ಈ ಪಡಸಾಲಿ ಹಳೀ ಮಾತು ತಗದು ಅದನ್ನ ಹಾಕ್ತೇನಿ. ಸಂಗಡಿಗರು ಬದಲಾದ್ರು ಅಂದ್ರ ಜಾಗಾನೂ ಬದಲಾಗತದ. ಆದ್ರ ಮಧ್ಯಾಹ್ನದೊಳಗ ಬೇಕು. ನಾ ಟೈಪ್ ಮಾಡಬೇಕಲ್ಲ."

"ಅಂದ್ರ ಮನಿಯವರನ್ನ ಹೊಗಳಿ ಮಾತಾಡಬೇಕು?"

"ಹೂಂ. ಭರ್ಪೂರ ಹೊಗಳ್ರಿ. ಏನು ತ್ರಾಸ ಅದ ಅದರಾಗ?"

ಅವನಿಗಿನ್ನೂ ಮದುವೆಯಾಗಿರಲಿಲ್ಲ.

ಶಿವಕಾಂತಾ ಮೂರೂ ಮನೆಗೆ ಓಡಿದಳು. ಎಮ್ಮೆಯ ವಿಷಯ ಬಾಯಿಬಿಡಲಿಲ್ಲ. ಮಷೀನಿಗೆ ಗಂಡಸರ ಬಗ್ಗೆ ನಾಲ್ಕು ಒಳ್ಳೆಯ ಮಾತು ಕಮ್ಮಿ ಬಿದ್ದಿವೆಯಂತೆ ಎಂದಷ್ಟೇ ಹೇಳಿದಳು.

"ಕಮ್ಮಿ ಬೀಳದ ಏನ್ ಮಾಡ್ತಾವ?" ಎಂದಳು ಗುರಮ್ಮ.

ನಾಲ್ವರೂ ಪಡಸಾಲೆಯಲ್ಲಿ ಕೂತರು. ಟೇಪು ತಿರುಗತೊಡಗಿತು. ಬೇಸಿಗೆಯಲ್ಲಿ ಬಾಯಿ ಮುಚ್ಚದಿದ್ದವರು ಈಗ ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯರ ಹಾಗೆ ಸೆರಗು ತಿರುವಿದರು.

ಗುರಮ್ಮ ಗಂಟಲು ಸರಿಮಾಡಿಕೊಂಡಳು. "ನಮ್ಮ ಮನಿಯವರು ಭಾಳ ಛಲೋರು..." ಎಂದು ಶುರುಮಾಡಿ ನಿಂತಳು. ಟೇಪು ತಿರುಗಿತು. "ಭಾಳಂದ್ರ ಭಾಳ ಛಲೋರು," ಎಂದಳು. ಮತ್ತೆ ಟೇಪು ತಿರುಗಿತು.

"ಮುಂದ ಹೇಳ ಬೇ."

"ಮುಂದೇನದ? ಮುಗೀತು."

ಪೀರಬಿ ಮುಂದೆ ಸರಿದಳು. "ನಮ್ಮ ಮನಿಯವರು ಹೊಡಿಯಂಗಿಲ್ಲ ನೋಡ್ರಿ."

"ಹೊಡಿಯಂಗಿಲ್ಲ ಅನ್ನೋದೊಂದು ಹೊಗಳಿಕಿ ಏನ?" ಎಂದಳು ಗುರಮ್ಮ.

"ಅರೆ, ಮತ್ತ? ನಿನ್ನ ಶಾಂತಲಿಂಗಪ್ಪಣ್ಣ ತಾಟು ಒಗಿತಾನಲ್ಲ?"

"ತಾಟು ಒಗಿತಾರ, ನನಗ ಬಡಿಯೋಹಂಗ ಒಗಿಯಂಗಿಲ್ಲ!"

"ಟೇಪ್ ನಡದದ ಬೇ!" ಎಂದು ಶಿವಕಾಂತಾ ತಲೆ ಚಚ್ಚಿಕೊಂಡಳು. ಹಿಂದಕ್ಕೆ ಸುತ್ತಿ ಅಳಿಸಬೇಕಾಯಿತು.

ಲೀಲಾಬಾಯಿ ಇವರೆಲ್ಲರಿಗಿಂತ ಹಿರಿಯಳು. ಗಂಭೀರವಾಗಿ ಹೇಳಿದಳು: "ನಮ್ಮ ಮನಿಯವರು ಎರಡೂ ಹೊತ್ತು ತಪ್ಪದ ಸಂಧ್ಯಾವಂದನಿ ಮಾಡ್ತಾರ."

"ಅದರಿಂದ ನಿಮಗೇನಾತ್ರಿ ಕಾಕು?"

"ಅಷ್ಟು ಹೊತ್ತು ಸುಮ್ಮನಿರ್ತಾರಲ್ಲ."

ಶಿವಕಾಂತಾಳ ಸರದಿ ಬಂತು. ಅವಳು ಕಣ್ಣುಮುಚ್ಚಿ ಯೋಚಿಸಿದಳು. ಇಲ್ಲದೇ ಇರಲಿಲ್ಲ. ಹವಳಗಾ ಕಡೆಯಿಂದ ಕಬ್ಬು ಬಂದಾಗ ದೌಲತರಾಯ ಜಗುಲಿಯ ಮೇಲೆ ಕೂತು ಸಿಪ್ಪೆ ಹೆರೆದು, ಗಿಣ್ಣು ತೆಗೆದು, ನಡುವಿನ ತುಂಡನ್ನು ಮಾತಿಲ್ಲದೆ ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟುಹೋಗುತ್ತಿದ್ದ. ಮದುವೆಯಾದಾಗಿನಿಂದ ಇಡುತ್ತಿದ್ದ. ಅವನು ಎಂದೂ ಆ ಬಗ್ಗೆ ಮಾತಾಡಿರಲಿಲ್ಲ, ಅವಳೂ ಆಡಿರಲಿಲ್ಲ. ಅದನ್ನು ಈಗ ಹೇಳಿದರೆ ಗುರಮ್ಮ ನಗುತ್ತಾಳೆ. ಓಣಿಯಲ್ಲಿ ಗಂಡನನ್ನು ಬೈದರೆ ಯಾರೂ ತಿರುಗಿ ನೋಡುವುದಿಲ್ಲ. ಅವನು ಕಬ್ಬು ಸುಲಿದು ಕೊಟ್ಟ ಎಂದರೆ ಮೊಮ್ಮಕ್ಕಳಾಗುವ ತನಕ ಆಡಿಕೊಳ್ಳುತ್ತಾರೆ. ನಾಲಿಗೆಯ ತುದಿಗೆ ಬಂದದ್ದನ್ನು ಶಿವಕಾಂತಾ ನುಂಗಿದಳು. ಹೀಗೆ ಇನ್ನೂ ಏನೇನು ನುಂಗಿದ್ದೇನೋ ಎಂದು ಒಳಗೊಳಗೇ ನಾಚಿಕೆಪಟ್ಟಳು.

"ನಮ್ಮ ಮನಿಯವರು ತೊಗರಿ ಸವಾಲಿನ್ಯಾಗ ಭಾಳ ಹುಷಾರ್," ಎಂದಳು.

"ಥೂ," ಎಂದಿತು ಬಾಗಿಲಿನಿಂದ ಒಂದು ದನಿ. "ಹಿಂಗೇನ ಬೇ ಹೊಗಳೋದು? ತೂಕಾ ಹಾಕಿದಂಗ ಆತು."

ನಿಂಬೆವ್ವ. ಕೋಲು ಊರಿಕೊಂಡು ಒಳಗೆ ಬಂದಳು. ಸುತ್ತಲ ಹಳ್ಳಿಗಳಲ್ಲಿ ಯಾರೇ ಸತ್ತರೂ ಮೊದಲು ಕರೆ ಬರುತ್ತಿದ್ದುದು ನಿಂಬೆವ್ವನಿಗೆ. ಹೆಣದ ಮುಂದೆ ಕೂತು ಅವಳು ಅಳತೊಡಗಿದರೆ, ಬದುಕಿದ್ದಾಗ ನಾಲ್ಕು ಮಂದಿಗೆ ಬೇಡಾಗಿದ್ದವನೂ ನಲವತ್ತು ಮಂದಿಗೆ ಬೇಕಾದವನಾಗುತ್ತಿದ್ದ. ಹೊಗಳಿಕೆಯಲ್ಲಿ ಅವಳ ಸರಿಸಮ ಮೂರು ತಾಲೂಕಿನಲ್ಲಿ ಇರಲಿಲ್ಲ.

"ಯವ್ವಾ, ನೀನ ದಾರಿ ತೋರಸು," ಎಂದಳು ಶಿವಕಾಂತಾ.

ನಿಂಬೆವ್ವ ಕೋಲು ಪಕ್ಕಕ್ಕಿಟ್ಟು, ಕಾಲು ಚಾಚಿ ಕೂತಳು. ಮೈ ಹಿಂದೆಮುಂದೆ ತೂಗಿದಳು. "ಎಂಥಾ ಮನಿಯವರ ಯವ್ವಾ... ಒಂದ್ ದಿನಾ ಒಂದ್ ಮಾತ ಅಂದವರಲ್ಲಾ..."

ಗುರಮ್ಮನಿಗೆ ದಾರಿ ಸಿಕ್ಕಿಬಿಟ್ಟಿತು. "ದೇವರಂಥಾ ಮನಿಯವರ ಯವ್ವಾ... ಕೈಯಿ ಬಿಚ್ಚಿ ಕೊಟ್ಟವರಾ..."

"ಬಂಗಾರದಂಥಾ ಜೀವಾ..." ಎಂದಳು ಪೀರಬಿ, ಸೆರಗು ಬಾಯಿಗಿಟ್ಟು. ಲೀಲಾಬಾಯಿಯ ಕಣ್ಣಿನಲ್ಲಿ ನೀರು ಇಳಿಯಿತು. ಶಿವಕಾಂತಾಳಿಗೂ ಅಳು ಬಂತು. ಅಳುವಿನ ಸೆರಗು ಹಿಡಿದು ಮಾತು ತಾನಾಗಿ ಬಂತು. ಇಷ್ಟು ಹೊತ್ತು ಬಾಯಿಗೆ ಬಾರದ ಒಳ್ಳೆಯತನವೆಲ್ಲ ಹೊಳೆಯಾಗಿ ಹರಿಯಿತು.

ಹಾದಿಯ ಮೇಲೆ ಹೊರಟಿದ್ದವರು ನಿಂತರು. ಶಾಂತಲಿಂಗಪ್ಪ ಬರಿಗಾಲಿನಲ್ಲಿ ಓಡಿಬಂದ. ಹುಸೇನಸಾಬ ಕೊರಳಲ್ಲಿ ಅಳತೆಪಟ್ಟಿ, ಕೈಯಲ್ಲಿ ಕತ್ತರಿ ಹಿಡಿದೇ ಹೊಸ್ತಿಲಿಗೆ ಬಂದ.

"ಯಾರ್ ಹೋದ್ರು? ಯಾರ್ ಹೋದ್ರ ಬೇ?"

"ನಮ್ಮ ಮನಿಯವರ ಯವ್ವಾ..." ಎಂದಳು ಪೀರಬಿ, ಕಣ್ಣುಮುಚ್ಚಿಕೊಂಡೇ.

"ಅರೆ! ನಾ ಇಲ್ಲೇ ಅದೀನಲ್ಲ!"

ಪೀರಬಿ ಒಂದು ಕಣ್ಣು ತೆರೆದಳು. "ಸುಮ್ಮನ ಹೋಗ್ರಿ ಅತ್ಲಾಗ. ನಿಮ್ಮನ್ನ ಹೊಗಳಾಕತ್ತೇವಿ!"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಟೇಪು ತುಂಬಿತು. ಅನಂತ ಬಂದು ಒಯ್ದ. "ಅಳೂ ದನಿ ಭಾಳ ಆತೇನೋ," ಎಂದು ಶಿವಕಾಂತಾ ಅಳುಕಿದಾಗ, "ಮಷೀನಿಗೆ ದನಿ ತಿಳಿಯಂಗಿಲ್ಲ ಕಾಕು, ಪದ ಅಷ್ಟ," ಎಂದು ಧೈರ್ಯ ಹೇಳಿದ.

ಸಂಜೆ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಕಂಪ್ಯೂಟರಿಗೆ ಹೂವಿನ ಹಾರ ಹಾಕಿದ್ದರು. ಶಾಲು ಹೊದ್ದ ಶಿವಕಾಂತಾ ತಲೆತಗ್ಗಿಸಿ ಕೂತಿದ್ದಳು. ಆದರೂ ಮನಸ್ಸು ಹಗುರಾಗಿತ್ತು. ಅನಂತ ಮೊದಲು 'ತೊಗರಿ' ಕೊಟ್ಟ. ಮಷೀನು ಬ್ಯಾಳಿ, ಕಡ್ಲಿ, ಜ್ವಾಳಾ ಎಂದಿತು. ಅಡತಿಯವರು ಚಪ್ಪಾಳೆ ಹೊಡೆದರು. 'ಚೌಡಾಪುರ' ಕೊಟ್ಟ. ಗಾಣಗಾಪುರ ಎಂದಿತು. ಹಿಂದಿನ ಸಾಲಿನಿಂದ ಯಾರೋ ಸೀಟಿ ಊದಿದರು.

"ಈಗ ನಮ್ಮ ತಾಯಂದಿರ ಬಾಯಿಯ ಅತಿ ಪ್ರೀತಿಯ ಪದ," ಎಂದ ಅನಂತ. "ಅಧ್ಯಕ್ಷರು ಗುಂಡಿ ಒತ್ತಬೇಕು."

ದೌಲತರಾಯ ಎದ್ದು, ಧೋತರದ ಚುಂಗು ಸರಿಮಾಡಿಕೊಂಡು, ದೇವರಿಗೆ ಕುಂಕುಮ ಏರಿಸುವವನ ಹಾಗೆ ಒಂದೇ ಬೆರಳಿನಿಂದ ಗುಂಡಿ ಒತ್ತಿದ. ಪರದೆಯ ಮೇಲೆ 'ಮನಿಯವರು' ಎಂದು ಮೂಡಿತು. ಕೆಳಗೆ ಒಂದೊಂದೇ ಪದ ಬಂದವು. ಟೈಪ್ ಮಾಡುವುದರಲ್ಲೇ ಹೊತ್ತು ಮುಗಿದು ಉತ್ತರ ಮೊದಲೇ ನೋಡಿರದ ಅನಂತ ಉತ್ಸಾಹದಲ್ಲಿ ನೋಡುತ್ತಲೇ ಗಟ್ಟಿಯಾಗಿ ಓದಿದ.

"ತೀರಿಕೊಂಡವರು."

ಓದುವ ಬಾಯಿ ಒಮ್ಮೆಗೇ ನಿಲ್ಲದೆ ಮುಂದಿನದನ್ನೂ ಓದಿಬಿಟ್ಟಿತು.

"ಹೆಣ. ಮಣ್ಣು."

ಮುಂದಿನ ಸಾಲಿನಲ್ಲಿ ಹುಸೇನಸಾಬ ತನ್ನ ಎಡಗೈ ನಾಡಿಯನ್ನು ಬಲಗೈಯಿಂದ ಹಿಡಿದು ನೋಡಿಕೊಂಡ. ಶಾಂತಲಿಂಗಪ್ಪ ತಿರುಗಿ ಹೆಂಗಸರ ಕಡೆ ಗುರಮ್ಮನನ್ನು ಹುಡುಕಿದ. ಗುರಮ್ಮ ಕಂಬದ ಹಿಂದೆ ಸರಿದಳು. ಪ್ರೊಫೆಸರರೊಬ್ಬರೇ ಖುಷಿಯಲ್ಲಿ ಎದ್ದು ನಿಂತರು. "ಅದ್ಭುತ! ಅಂದೋಲಾ ಕಡೆ ಸಾವಿನ ಮನೆಯಲ್ಲಿ ಸತ್ತವರ ಮುಂದೆ ಏನು ಹೇಳುತ್ತಾರೋ, ಇಲ್ಲಿಯ ಮಹಿಳೆಯರು ಅದನ್ನೇ ಗಂಡಂದಿರ ಬಗ್ಗೆ ಹೇಳುತ್ತಾರೆ. ಯಾರೂ ಕಲಿಸದೆ ಯಂತ್ರ ಇದನ್ನು ಪತ್ತೆಹಚ್ಚಿದೆ. ಈ ತಾಯಿಗೆ ಇನ್ನೊಮ್ಮೆ ಚಪ್ಪಾಳೆ!"

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಶಿವಕಾಂತಾಳ ಹೆಗಲ ಮೇಲಿನ ಶಾಲು ಒದ್ದೆ ಗೋಣಿಚೀಲದ ಹಾಗೆ ತೂಗಿತು.

ಮನೆಗೆ ಬಂದ ಮೇಲೆ ದೌಲತರಾಯ ಬೈಯಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಪಡಸಾಲೆಯಲ್ಲಿ ಕೂತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಚಹಾ ಇಟ್ಟರೆ ಮುಟ್ಟಲಿಲ್ಲ.

"ನಾ ಸತ್ರ ನಿನಗ ಹಗುರಾಗತದೇನು?" ಎಂದ ಕೊನೆಗೆ, ಸಣ್ಣ ದನಿಯಲ್ಲಿ.

"ಬಿಡ್ತು ಅನ್ರಿ! ಎಂಥಾ ಮಾತ್ರಿ ಅದು?"

"ಮಷೀನ್ ಸುಳ್ಳ ಹೇಳಂಗಿಲ್ಲಂತ. ತೊಗರಿದು ಖರೇ ಹೇಳ್ತು. ಚೌಡಾಪುರದ್ದು ಖರೇ ಹೇಳ್ತು." ಅವನು ತಲೆಯೆತ್ತಲಿಲ್ಲ. "ಮನ್ಯಾಗ ನಾನೊಬ್ಬ ಹೆಣಾ ಅಂತ ನನಗ ಗೊತ್ತಿರಲಿಲ್ಲ ನೋಡು."

ಶಿವಕಾಂತಾ ಅವನ ಎದುರು ಕೂತಳು. ಇಷ್ಟು ವರ್ಷದಲ್ಲಿ ಗಂಡನ ಮುಖ ಹೀಗೆ ಬಾಡಿದ್ದನ್ನು ಅವಳು ನೋಡಿರಲಿಲ್ಲ. ಅಥವಾ ಬಾಡಿದಾಗ ತಾನು ನೋಡಿರಲಿಲ್ಲವೋ ಏನೋ. ಇಡೀ ದಿನ ಮುಚ್ಚಿಟ್ಟ ನಾಚಿಕೆಗಿಂತ ಈ ಮುಖ ನೋಡುವುದು ಕಷ್ಟವಾಯಿತು. ತಾನು ಚಿಕ್ಕವಳಾದರೂ ಸರಿ ಎಂದು ಬಾಯಿಬಿಟ್ಟಳು.

"ಅದು ನಮ್ಮ ಖರೇ ಮಾತಲ್ರಿ. ಇವತ್ತ ಮುಂಜಾನಿ ಬೇಕಂತನ ಆಡಿದ್ದು. ಹೊಗಳಾಕ ಬರವಲ್ದಾಗಿ ನಿಂಬೆವ್ವನ ಕಟಗೊಂಡು ಆಡಿದ್ದು. ಬ್ಯಾಸಗಿಯಾಗ ಆಡಿದ್ದು ಬ್ಯಾರೇನ ಇತ್ತು. ಅದ ಖರೇದು."

"ಅದರಾಗ ಏನ್ ಬಂದಿತ್ತು?"

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಎಮ್ಮಿ," ಎಂದಳು.

"ಏನು?"

"ಎಮ್ಮಿ ಅಂತ ಬಂದಿತ್ರಿ. ಮನಿಯವರಂದ್ರ ಎಮ್ಮಿ ಅಂತ. ತಪ್ಪಾತು. ಅದನ್ನ ಮುಚ್ಚಾಕ ಹೋಗಿ ಹಿಂಗಾತು."

ಈಗ ತಾಟು ಹಾರುತ್ತದೆ, ಲೋಟ ಹಾರುತ್ತದೆ ಎಂದು ಅವಳು ಕಾದಳು. ಏನೂ ಹಾರಲಿಲ್ಲ. ಸೆರಗು ಸರಿಸಿ ನೋಡಿದರೆ, ದೌಲತರಾಯ ನೆಟ್ಟಗೆ ಕೂತಿದ್ದ. ಮುಖದಲ್ಲಿ ರಕ್ತ ತಿರುಗಿ ಬಂದಿತ್ತು.

"ಕೋಣ ಅಲ್ಲಲ್ಲ?"

"ಅಲ್ರಿ."

"ಎಮ್ಮಿ. ಹಿಂಡೋ ಎಮ್ಮಿ?"

"ಹೂಂನ್ರಿ."

"ನಾಕೂ ಮಂದೀದೂ ಹಂಗ ಬಂದಿತ್ತು?"

"ಎಲ್ಲಾರದೂ ಸೇರಿನ ಬಂದದ್ರಿ."

ದೌಲತರಾಯ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದ. "ಹುಚ್ಚಿ, ಇದನ್ನ ಮೊದಲ ಹೇಳಬೇಕೋ ಬ್ಯಾಡೋ? ಎಮ್ಮಿ ಅಂದ್ರ ಏನು ಕಮ್ಮಿ ಆತು? ಮನಿ ನಡಿಯೋದ ಅದರ ಮ್ಯಾಲ. ಮದಿವ್ಯಾಗ ನಿಮ್ಮಪ್ಪ ಜ್ವಾಕಿ ಮಾಡು ಅಂತ ನಿನಗ ಕೊಟ್ಟು ಕಳಿಸಿದ್ದೂ ಎಮ್ಮೀನ." ಎದ್ದು ಚಪ್ಪಲಿ ಮೆಟ್ಟಿದ.

"ಎಲ್ಲಿಗೆ ಹೊಂಟ್ರಿ?"

"ಕಟ್ಟಿ ಮ್ಯಾಲ ಮೂವರೂ ಮಾರಿ ಸಣ್ಣ ಮಾಡಿಕೊಂಡು ಕುಂತಾರ. ಹುಸೇನಸಾಬಂತೂ ಹಕೀಮರ ಕಡೆ ಹೋಗಿಬಂದಾನ. ಅವರ ಜೀವಕ್ಕೂ ಸಮಾಧಾನ ಆಗಲಿ."

"ರೀ, ಬ್ಯಾಡ್ರಿ! ನಿಮ್ಮ ಕಾಲ ಬೀಳ್ತೇನಿ, ಅದನ್ನ ಹೇಳಬ್ಯಾಡ್ರಿ!"

ಅವನು ಆಗಲೇ ಹೊರಗೆ ಬಿದ್ದಿದ್ದ. ಶಿವಕಾಂತಾ ಬಾಗಿಲ ಸಂದಿಯಿಂದ ಕೇಳಿಸಿಕೊಂಡಳು. ಸವಾಲು ಕೂಗಿ ಕೂಗಿ ಪಳಗಿದ ದನಿ; ಓಣಿಯ ಆ ತುದಿಗೂ ಮುಟ್ಟಿತು.

"ಸತ್ತಿಲ್ಲೋ ನಾವು! ಅದು ಸುಳ್ಳಂತ! ಎಮ್ಮಿ ಅಂತ, ಎಮ್ಮಿ! ನಾಕೂ ಮಂದಿ!"

ಮೊದಲು ಲೀಲಾಬಾಯಿಯ ಬಾಗಿಲು ತೆರೆಯಿತು. ಆಮೇಲೆ ಗುರಮ್ಮನದು. ಪೀರಬಿ ಕೈಯಲ್ಲಿ ಸವುಟು ಹಿಡಿದೇ ಹೊರಗೆ ಬಂದಳು. ತಾವು ಯಾವಾಗ ಎಮ್ಮೆ ಎಂದೆವು ಎಂದು ತಿಳಿಯದೆ ಮೂವರೂ ಶಿವಕಾಂತಾಳ ಬಾಗಿಲನ್ನೇ ನೋಡುತ್ತ ನಿಂತರು.

"ಹೋಗೋ ಮಾರಾಯ, ನಮ್ಮನ್ನ ಸಮಾಧಾನ ಮಾಡಾಕ ಹೇಳಾಕತ್ತೀದಿ," ಎಂದಿತು ಶಾಂತಲಿಂಗಪ್ಪನ ದನಿ.

"ನಂಬಿಕಿ ಇಲ್ಲೇನು? ತಡಿ, ಆಕಿ ಬಾಯಿಲೆನ ಕೇಳಸ್ತೇನಿ." ದೌಲತರಾಯ ಮನೆಯ ಕಡೆ ತಿರುಗಿ, ವೇದಿಕೆಯ ಮೇಲೂ ತೋರಿಸದಿದ್ದ ಹೆಮ್ಮೆಯಿಂದ ಕೂಗಿದ: "ಏ ಶಿವಕಾಂತಾ, ಹೊರಗ ಬಾ. ಆ ಶಾಲ್ ಹೊತಗೊಂಡು ಬಾ. ಬಂದು ಎಲ್ಲಾರಿಗೂ ಕೇಳೋಹಂಗ ಒಮ್ಮೆ ಹೇಳು!"